ನೈಟ್ ಡ್ಯೂಟಿಗೆ ಹಗಲಿನ ಎರಡು ನಿದ್ದೆ

ರಾತ್ರಿ ಎಚ್ಚರ ಇರಬೇಕಾದರೆ ಹಗಲು ಎರಡು ಸಲ ಮಲಗಬೇಕು ಅಂದಾಗ ನಮ್ಮ ಗೇಟಿನವರೆಲ್ಲ ನಕ್ಕಿದ್ದರು. "ಎಂತ ಮಾರಾಯ್ರೆ, ಸಣ್ಣ ಮಗುವಾ ನೀವು?" ಅಂತ. ಈಗ ವರ್ಷದ ಮೇಲಾಯ್ತು. ಮಂಗಳೂರಿನ ಬೈಕಂಪಾಡಿಯ ಗೋದಾಮಿನಲ್ಲಿ ವಾಚ್‌ಮನ್ ಕೆಲಸ, ರಾತ್ರಿ 8ರಿಂದ ಬೆಳಿಗ್ಗೆ 8. ಸೂಪರ್‌ವೈಸರ್ ಯಾವಾಗ ಬಂದರೂ ನಾನು ಎಚ್ಚರವೇ ಇರುತ್ತೇನೆ. ನಕ್ಕವರಲ್ಲಿ ಇಬ್ಬರು ಈಗ ಹೀಗೇ ಮಲಗುತ್ತಾರೆ.

ಅದಕ್ಕೆ ಮೊದಲು ಹೋದ ದುಡ್ಡು ಕೇಳಬೇಡಿ. ಎನರ್ಜಿ ಡ್ರಿಂಕಿಗೇ ತಿಂಗಳಿಗೆ ಆರೇಳು ನೂರು. ಎರಡು ಗಂಟೆ ಜೋರು, ಆಮೇಲೆ ಕಣ್ಣು ಎಳೆಯುತ್ತದೆ. ರೂಮಿಗೆ ಹೋದರೆ ಮಾತ್ರ ನಿದ್ದೆ ಬರುವುದಿಲ್ಲ. ಎಲೆಯಡಿಕೆ ಹಾಕಿದೆ, ಉಗುಳುವ ಕೆಲಸ ಒಂದು ಜಾಸ್ತಿಯಾಯ್ತು. ಕಣ್ಣಿನ ಕೆಳಗೆ ಬಾಮ್ ಹಚ್ಚಿದೆ. ನಿದ್ದೆಯೇನೋ ಹೋಯ್ತು, ನೀರು ಸುರಿದು ಸಿಸಿಟಿವಿಯೂ ಕಾಣಲಿಲ್ಲ. ಮೊಬೈಲಿನಲ್ಲಿ ಯಕ್ಷಗಾನ ಹಾಕಿದೆ. ಚೆಂಡೆ ಇರುವಷ್ಟು ಹೊತ್ತು ಸರಿ, ಭಾಗವತರು ನಿಧಾನದ ಪದ ಎತ್ತಿದರೆ ಮುಗಿಯಿತು! ಒಂದು ತೂಕಡಿಕೆಗೆ ಸಂಬಳದಲ್ಲಿ ಐನೂರು ಕಟ್.

ಈಗ ಬೆಳಿಗ್ಗೆ ಬಸ್ಸಿನಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಳ್ಳುತ್ತೇನೆ. ಸ್ಟೈಲಿಗಲ್ಲ, ಬಿಸಿಲು ಕಣ್ಣಿಗೆ ಬಿದ್ದರೆ ನಿದ್ದೆ ಓಡುತ್ತದೆ. ಕಿಟಕಿಗೆ ದಪ್ಪ ಕಪ್ಪು ಬಟ್ಟೆ, ಹಂಪನಕಟ್ಟೆಯಲ್ಲಿ ಮುನ್ನೂರು ಚಿಲ್ಲರೆ. ನಾನು ಹಾಕಿದ ದುಡ್ಡಿನಲ್ಲಿ ವಸೂಲಾದದ್ದು ಅದೊಂದೇ. ಒಂಬತ್ತೂವರೆಯಿಂದ 2ರ ತನಕ ಒಂದು ನಿದ್ದೆ. ಸಂಜೆ ಐದರ ನಂತರ ಇನ್ನೊಂದು, ಗಂಟೆ ಹೊತ್ತು. ಈ ಎರಡನೆಯದೇ ಮುಖ್ಯ. ಎದ್ದ ತಕ್ಷಣ ಮಂಕು ಇರುತ್ತದೆ, ಗೇಟಿಗೆ ಬರುವಾಗ ಬಿಟ್ಟಿರುತ್ತದೆ.

ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಹೊಡೆದು ಡ್ಯೂಟಿಗೆ ಬಂದವನು 11ಕ್ಕೇ ಔಟ್. ನಾನು ಊಟ ಬೇಗ, ಕಡಿಮೆ ಮಾಡುತ್ತೇನೆ. ನಡುರಾತ್ರಿ ಎರಡು ಚಪಾತಿ. ಒಂದೂವರೆಯ ನಂತರ ಚಹಾ ಇಲ್ಲ. ಚಹಾದ ಕೆಫೀನ್ ಐದಾರು ಗಂಟೆಯಾದರೂ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ.

ಸೊಳ್ಳೆಗೆ ಕಾಯಿಲ್ ಬೇಡ, ನನಗೆ ಆ ಹೊಗೆಗೇ ತಲೆ ಭಾರ. ತುಂಬು ತೋಳಿನ ಅಂಗಿ, ಟೇಬಲ್ ಫ್ಯಾನ್ ಸಾಕು. ಮಂಗಳೂರಿನ ಮಲೇರಿಯಾ ಗೊತ್ತಲ್ವಾ, ಬರೀ ತೋಳಲ್ಲಿ ಕೂರಬೇಡಿ.

ಕೆಟ್ಟ ಹೊತ್ತು 3ರಿಂದ 5. ಆಗ ಕುರ್ಚಿ ಒಳಗೆ ಇಡುತ್ತೇನೆ. ರಿಜಿಸ್ಟರ್ ಬರೆಯುವುದೂ ನಿಂತೇ. ಬೀಗಕ್ಕೆ ದೂರದಿಂದ ಟಾರ್ಚ್ ಬಿಡುವುದಲ್ಲ, ಕೈಯಲ್ಲಿ ಎಳೆದು ನೋಡುತ್ತೇನೆ. ಆ ಹೊತ್ತಿನ ರೌಂಡ್ಸ್ ಎಲ್ಲಿಂದ ಶುರು ಅನ್ನುವುದು ಇಲ್ಲಿ ಬರೆಯುವುದಿಲ್ಲ, ಓದುವವರು ಯಾರ್ಯಾರೋ.

ರಜೆಯ ದಿನ ಮಾತ್ರ ಇನ್ನೂ ಕಷ್ಟ. ಮನೆಯವರು ಬೆಳಿಗ್ಗೆಯೇ ಮದುವೆಗೆ ಹೊರಡಿಸುತ್ತಾರೆ. ಆದರೂ ರಜೆಯಲ್ಲೂ ರಾತ್ರಿ 2ರ ತನಕ ಎದ್ದಿರುತ್ತೇನೆ. 10ಕ್ಕೇ ಮಲಗಿದರೆ ಮರುದಿನದ ಡ್ಯೂಟಿ ಕೆಟ್ಟಿತು ಅಂತಲೇ ಲೆಕ್ಕ.