ಮಡಿಕೆ ನೆಟ್ಟಗಿಲ್ಲದ ಕಾರ್ಡಿಗೆ ಮಣಿ ಅಂಟಿಸಿ ಏನು ಬಂತು?

ಮನೆಯಲ್ಲೇ ಶುಭಾಶಯದ ಕಾರ್ಡು ಮಾಡುತ್ತೇವೆಂದು ಹೊರಡುವ ಮಕ್ಕಳು ಮೊದಲು ಮಾಡುವ ಕೆಲಸ, ಮಿನುಗುಪುಡಿ, ಸ್ಟಿಕ್ಕರು, ರಿಬ್ಬನ್ನು ಎಲ್ಲ ಕೊಂಡು ತಂದು ಮೇಜಿನ ತುಂಬ ಹರಡಿಕೊಳ್ಳುವುದು. ಆಮೇಲೆ ಒಂದು ದಪ್ಪ ಹಾಳೆ ಎತ್ತಿಕೊಂಡು, ಮೂಲೆಗೆ ಮೂಲೆ ಸೇರಿಸಿ, ಹೆಬ್ಬೆರಳಲ್ಲಿ ಒತ್ತಿ ಮಡಚಿಬಿಡುತ್ತಾರೆ. ಮಡಚಿದ ಕಡೆ ಬಣ್ಣ ಬಿರಿದು ಒಳಗಿನ ಬಿಳಿ ನಾರು ಇಣುಕುತ್ತದೆ. ಒಂದು ಅಂಚು ಇನ್ನೊಂದಕ್ಕಿಂತ ಆಚೆ ಚಾಚಿರುತ್ತದೆ. ನಿಲ್ಲಿಸಿದರೆ ನಿಲ್ಲುವುದಿಲ್ಲ. ಅದರ ಮೇಲೆ ಎಷ್ಟು ಮಣಿ ಅಂಟಿಸಿದರೂ ಅಷ್ಟೇ. ನೋಡಿ ನೋಡಿ ಸಾಕಾಗಿ ಬರೆಯುತ್ತಿದ್ದೇನೆ, ಸ್ವಲ್ಪ ಗಮನವಿಟ್ಟು ಓದಿ.

ಸಾಮಾನು ಮನೆಯಲ್ಲೇ ಇದೆ. ಸೋಪು, ಟೂತ್‌ಪೇಸ್ಟು, ಬಿಸ್ಕತ್ತು ಬರುವ ತೆಳು ರಟ್ಟಿನ ಡಬ್ಬಗಳು, ಹೊಸ ಅಂಗಿಯೊಳಗೆ ಇಡುವ ರಟ್ಟು, ಕಳೆದ ವರ್ಷದ ಕ್ಯಾಲೆಂಡರು, ಉಡುಗೊರೆ ಸುತ್ತಿ ಬಂದ ಕಾಗದ, ಒಳಮೈಯಲ್ಲಿ ನೀಲಿ ಗೀರಿನ ವಿನ್ಯಾಸವಿರುವ ಲಕೋಟೆಗಳು, ಲೇಸಿನ ತುಂಡು, ಉಳಿದ ದಾರ. ಹಳೆಯ ಅಂಗಿಯನ್ನು ಒರೆಸುವ ಬಟ್ಟೆ ಮಾಡುವ ಮುಂಚೆ ಗುಂಡಿಗಳನ್ನು ಬಿಚ್ಚಿ, ಒಂದೇ ಜಾತಿಯವನ್ನು ಒಂದು ದಾರಕ್ಕೆ ಪೋಣಿಸಿಡಿ. ನಮ್ಮ ತಾಯಂದಿರ ಕಾಲದಲ್ಲಿ ಗುಂಡಿಯ ಡಬ್ಬವಿಲ್ಲದ ಮನೆಯೇ ಇರಲಿಲ್ಲ. ಸುದ್ದಿಪತ್ರಿಕೆಯನ್ನು ಮಾತ್ರ ಕಾರ್ಡಿನ ಮೇಲೆ ಅಂಟಿಸಬೇಡಿ. ಮರದಲ್ಲಿ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಅದರಲ್ಲಿ ಹೆಚ್ಚು, ಬೆಳಕು ತಗುಲಿದರೆ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಅಲೆಅಲೆಯಾದ ಪಾರ್ಸೆಲ್ ರಟ್ಟೂ ಕಾರ್ಡಿಗೆ ಆಗದು, ಮಡಚಿದರೆ ಮುರಿಯುತ್ತದೆ. ಬೆರಳುಗುರಿನಷ್ಟು ಚೂರು ಮಾಡಿ, ಮೇಲಿನ ಚಿತ್ರ ಸ್ವಲ್ಪ ಎದ್ದು ಕಾಣಲು ಅದರ ಅಡಿಯಲ್ಲಿ ಅಂಟಿಸಿ.

ಇನ್ನು ಮಡಿಕೆ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಬಟ್ಟೆಗೆ ಇರುವಂತೆ ಕಾಗದಕ್ಕೂ ಎಳೆ ಇದೆ. ಯಂತ್ರದಲ್ಲಿ ಕಾಗದ ಓಡುವಾಗ ನಾರುಗಳು ಹೆಚ್ಚಾಗಿ ಓಡುವ ದಿಕ್ಕಿಗೇ ಮಲಗುತ್ತವೆ. ಎಳೆಯ ಉದ್ದಕ್ಕೆ ಮಡಚಿದರೆ ಮಡಿಕೆ ನುಣುಪು, ಅಡ್ಡಕ್ಕೆ ಮಡಚಿದರೆ ನಾರು ಮುರಿದು ಬಿರುಕು. ಎಳೆ ಕಂಡುಹಿಡಿಯುವುದು ಕಷ್ಟವಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು, ಗೆರೆ ಬೀಳದಂತೆ ಒಮ್ಮೆ ಉದ್ದಕ್ಕೆ ಬಗ್ಗಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಆಮೇಲೆ ಅಗಲಕ್ಕೆ. ಯಾವ ಕಡೆ ಕೈಗೆ ಎದುರು ಕೊಡದೆ ಬಗ್ಗುತ್ತದೋ ಮಡಿಕೆ ಆ ಕಡೆಗೇ. ಕೈಗೆ ತಿಳಿಯದಿದ್ದರೆ ಅಂಚಿನಿಂದ ಸಣ್ಣ ಚೌಕ ಕತ್ತರಿಸಿ, ಅದು ಯಾವ ಕಡೆಯದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಒಂದು ಮೈ ಮಾತ್ರ ಒದ್ದೆ ಮಾಡಿ. ಅದು ಸುರುಳಿಯಾಗುತ್ತದೆ. ಸುರುಳಿಯ ಕೊಳವೆ ಯಾವ ದಿಕ್ಕಿಗೆ ಉದ್ದವಿದೆಯೋ ಎಳೆ ಆ ದಿಕ್ಕಿಗಿದೆ. ನೆನೆದ ನಾರು ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಉಬ್ಬುವುದರಿಂದ ಹೀಗಾಗುತ್ತದೆ.

ಎಳೆ ಗೊತ್ತಾಯಿತೆಂದು ತಕ್ಷಣ ಮಡಚಬೇಡಿ. ಶಾಯಿ ಪೂರ್ತಿ ಮುಗಿದ ಬಾಲ್‌ಪೆನ್ನು ಹುಡುಕಿ. ಒಣಗಿದ್ದು ಖಾತ್ರಿಯೇ ಎಂದು ರದ್ದಿ ಕಾಗದದ ಮೇಲೆ ಗೀಚಿ ನೋಡಿ, ಇಲ್ಲದಿದ್ದರೆ ಕಾರ್ಡಿನ ನಡುವೆ ನೀಲಿ ಗೆರೆ ಬಿದ್ದು ಅಳುತ್ತೀರಿ. ಪೆನ್ನು ಸಿಗದಿದ್ದರೆ ಮೊಂಡಾದ ದಬ್ಬಳವೂ ಆದೀತು, ಚೂಪಾದದ್ದು ಬೇಡ. ಹಾಳೆಯ ಕೆಳಗೆ ಗಾಜು, ಕಲ್ಲು ಇರಬಾರದು. ಗೆರೆ ಇಳಿಯಲು ಮೆತ್ತನೆಯ ಹಾಸು ಬೇಕು, ನಾಲ್ಕೈದು ಪದರ ಸುದ್ದಿಪತ್ರಿಕೆಯೋ ಹಳೆಯ ನೋಟ್‌ಬುಕ್ಕೋ ಇರಲಿ. ಮೇಲಂಚಿನಲ್ಲೊಂದು, ಕೆಳಂಚಿನಲ್ಲೊಂದು ಪೆನ್ಸಿಲ್ ಚುಕ್ಕೆ ಸಾಕು. ಪೆನ್ನಿನ ಮೊನೆಗೂ ದಪ್ಪವಿರುತ್ತದೆ, ಆದ್ದರಿಂದ ಸ್ಕೇಲನ್ನು ಚುಕ್ಕೆಯ ಮೇಲೇ ಇಡದೆ ಕೂದಲೆಳೆಯಷ್ಟು ಈಚೆಗಿಡಿ. ಮೊದಲ ಸಲ ಸವರಿದಂತೆ ಎಳೆಯಿರಿ, ಎರಡನೆಯ ಸಲ ಸ್ವಲ್ಪ ಒತ್ತಿ, ಮೂರನೆಯ ಸಲ ಇನ್ನಷ್ಟು. ಒಂದೇ ಸಲಕ್ಕೆ ಬಲ ಹಾಕುವವರ ಕಾಗದ ಹರಿಯುತ್ತದೆ. ಅವಸರ ಇದ್ದವರು ಈ ಕೆಲಸಕ್ಕೆ ಕೂರಲೇಬಾರದು.

ಮುಂದೆ ಬಹುಪಾಲು ಜನ ಎಡವುವ ಜಾಗ. ಗೆರೆ ಎಳೆದ ಮೈಯಲ್ಲಿ ಸಣ್ಣ ಹಳ್ಳ, ಹಿಂಬದಿಯಲ್ಲಿ ಸಣ್ಣ ಉಬ್ಬು ಆಗಿರುತ್ತದೆ. ಎಲ್ಲರೂ ಹಳ್ಳದ ಒಳಕ್ಕೆ ಮಡಚುತ್ತಾರೆ. ತಪ್ಪು. ಉಬ್ಬು ಕಾರ್ಡಿನ ಒಳಗಡೆ ಬರಬೇಕು, ಹಳ್ಳ ಹೊರಗಡೆ. ಹಾಗೆ ಮಡಚಿದರೆ ಹೊರಮೈಯ ನಾರಿಗೆ ಎಳೆತ ಕಡಿಮೆ, ಬಣ್ಣ ಬಿರಿಯುವುದಿಲ್ಲ. ಅದಕ್ಕೇ ಗೆರೆಯನ್ನು ಕಾರ್ಡಿನ ಹೊರಮೈಗೆ ಎಳೆಯಬೇಕೆನ್ನುವುದು. ಅಂಚಿಗೆ ಅಂಚು ಕೂಡಿಸಿ ಬೆರಳಿನಿಂದ ಮೆಲ್ಲಗೆ ಮಡಚಿ, ಮೇಲೊಂದು ಬಿಳಿ ಕಾಗದವಿಟ್ಟು, ಸ್ಟೀಲ್ ಚಮಚದ ಬೆನ್ನಿನಿಂದ ನಡುವಿನಿಂದ ತುದಿಗಳ ಕಡೆಗೆ ಉಜ್ಜಿ. ಕಾಗದ ಇಡದೆ ಉಜ್ಜಿದರೆ ಮಡಿಕೆಯ ಮೇಲೆ ಹೊಳಪಿನ ಪಟ್ಟಿ ಬಿದ್ದು ಅಳಿಸಿದರೂ ಹೋಗದು. ಅಂಚು ಹೆಚ್ಚುಕಡಿಮೆಯಾಗಿದ್ದರೆ ಈಗ ಸ್ಕೇಲು ಹಿಡಿದು ಬ್ಲೇಡಿನಿಂದ ಸವರಿ. ಮಡಿಕೆ ಮೊದಲು, ಕತ್ತರಿಸುವುದು ಆಮೇಲೆ. ಬಟ್ಟೆಯ ಕತ್ತರಿಯನ್ನು ಕಾಗದಕ್ಕೆ ಮುಟ್ಟಿಸಬೇಡಿ, ಕಾಗದದಲ್ಲಿರುವ ಸುಣ್ಣಕಲ್ಲಿನ ಪುಡಿ, ಜೇಡಿಯಿಂದ ಅದರ ಬಾಯಿ ಮೊಂಡಾಗುತ್ತದೆ.

ಅಂಟಿಗೆ ಒಂದು ಪಾಲು ಮೈದಾ, ನಾಲ್ಕೈದು ಪಾಲು ನೀರು. ತಣ್ಣೀರಿನಲ್ಲೇ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಹಾಲಿನ ಬಣ್ಣ ಹೋಗಿ ಗಾಜಿನಂತೆ ಮಿರುಗತೊಡಗಿದಾಗ ಇಳಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಎರಡು ದಿನದಲ್ಲಿ ಮುಗಿಸಿ, ಹುಳಿ ವಾಸನೆ ಬಂದರೆ ಚೆಲ್ಲಿ. ಗುಂಡಿ, ಲೇಸಿಗೆ ಇದು ಸಾಲದು, ಬಿಳಿ ಗೋಂದು ಬೇಕು. ಸೆಲೋಟೇಪು ಬೇಡವೇ ಬೇಡ, ವರ್ಷಗಳು ಕಳೆದಂತೆ ಕಂದಾಗಿ, ಅಂಟು ಪಕ್ಕಕ್ಕೆ ಜಾರಿ ಕಾಗದಕ್ಕೆ ಕಲೆ ಮಾಡುತ್ತದೆ.

ಅಂಟನ್ನು ರಟ್ಟಿಗಲ್ಲ, ಮೇಲೆ ಅಂಟಿಸುವ ತೆಳು ಕಾಗದಕ್ಕೆ ಬಳಿಯಿರಿ, ನಡುವಿನಿಂದ ಅಂಚಿಗೆ, ತೆಳ್ಳಗೆ. ಬಳಿದ ಕೂಡಲೇ ಅಂಟಿಸಿದರೆ ಗುಳ್ಳೆ ಏಳುತ್ತದೆ. ಒದ್ದೆಯಾದ ಕಾಗದ ಹಿಗ್ಗುತ್ತದಲ್ಲ, ಒಂದು ನಿಮಿಷ ಬಿಟ್ಟು ಅದರ ಹಿಗ್ಗುವಿಕೆ ಮುಗಿದ ಮೇಲೆ ಹಾಸಿ, ಬಟ್ಟೆಯಿಂದ ನಡುವಿನಿಂದ ಹೊರಗೆ ಸವರಿ. ಒಣಗುವಾಗ ಅದೇ ಕಾಗದ ಕುಗ್ಗಿ ರಟ್ಟನ್ನು ತನ್ನ ಕಡೆ ಎಳೆಯುತ್ತದೆ, ಕಾರ್ಡು ಸೊಟ್ಟಗಾಗುವುದು ಅದರಿಂದಲೇ. ಹಿಂಬದಿಗೂ ಅಂಥದೇ ಒಂದು ಕಾಗದ ಅಂಟಿಸಿದರೆ ಎರಡೂ ಕಡೆಯ ಎಳೆತ ಸಮವಾಗುತ್ತದೆ. ಆಮೇಲೆ ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಭಾರದ ಪುಸ್ತಕ ಹೇರಿ, ಒಂದು ರಾತ್ರಿ ಬಿಡಿ. ಬಿಸಿಲಿಗೆ ಇಡುವುದು, ಫ್ಯಾನಿನ ಕೆಳಗೆ ಹಿಡಿಯುವುದು ಮಾಡಬೇಡಿ. ಡಬ್ಬದ ಹೊಳೆಯುವ ಮೈಗೆ ಅಂಟು ಹಿಡಿಯದಿದ್ದರೆ ಉಗುರು ಉಜ್ಜುವ ಅರದಿಂದ ಹೊಳಪು ಹೋಗುವಷ್ಟು ತಿಕ್ಕಿ.

ಮುದುರಿದ ಉಡುಗೊರೆ ಕಾಗದವನ್ನು ಮಗುಚಿ ಹಾಕಿ, ಮೇಲೊಂದು ಹತ್ತಿ ಬಟ್ಟೆ ಹಾಸಿ, ಹಬೆ ಇಲ್ಲದೆ ಕಡಿಮೆ ಕಾವಿನಲ್ಲಿ ಇಸ್ತ್ರಿ ಮಾಡಿ. ಪ್ಲಾಸ್ಟಿಕ್ ಹೊದಿಕೆಯದಾದರೆ ಇಸ್ತ್ರಿ ಬೇಡ, ಕರಗುತ್ತದೆ.

ಗುಂಡಿ ಹೊಲಿಯುವವರು ಗುಂಡಿಯನ್ನು ಜಾಗದಲ್ಲಿಟ್ಟು, ಅದರ ಕಣ್ಣುಗಳ ಮೂಲಕವೇ ರಟ್ಟಿಗೆ ಮೊದಲು ತೂತು ಚುಚ್ಚಿಕೊಳ್ಳಿ. ಹಿಂದಿನಿಂದ ಅಂದಾಜಿಗೆ ಸೂಜಿ ಹಾಕಿದರೆ ರಟ್ಟು ಜರಡಿಯಾಗುತ್ತದೆ. ಹಿಂಬದಿಯ ದಾರದ ಗಂಟು ಮುಚ್ಚಲು ಒಳಗೊಂದು ಬಿಳಿ ಹಾಳೆ ಸೇರಿಸಿ, ಆದರೆ ಅದಕ್ಕೆ ಮಡಿಕೆಯ ಪಕ್ಕದಲ್ಲಿ ಮಾತ್ರ ಸಣ್ಣ ಗೆರೆಯಷ್ಟು ಅಂಟು ಸಾಕು. ಆಲೂಗಡ್ಡೆ ಅಚ್ಚು ಮಾಡುವ ಮಕ್ಕಳಿಗೆ ಎರಡೇ ಮಾತು: ಕತ್ತರಿಸಿದ ಮೈಯ ನೀರನ್ನು ಬಟ್ಟೆಯಿಂದ ಒತ್ತಿ ತೆಗೆಯದಿದ್ದರೆ ಬಣ್ಣ ಹರಡುತ್ತದೆ, ಅಕ್ಷರ ಕೆತ್ತುವುದಾದರೆ ತಿರುಗುಮುರುಗಾಗಿ ಕೆತ್ತಿ. ಹೂವು ಒಣಗಿಸುವುದಾದರೆ ತೆಳು ಎಸಳಿನವನ್ನೇ ಆರಿಸಿ, ಮೊದಲ ಕೆಲವು ದಿನ ಅಡಿಮೇಲಿನ ಕಾಗದ ಬದಲಿಸುತ್ತಿರಿ, ಆಮೇಲೆ ಎರಡು ಮೂರು ವಾರ ಅದನ್ನು ಬಿಚ್ಚಿ ನೋಡುವ ಚಪಲ ಬಿಡಿ.

ಅಳತೆಯ ಯೋಚನೆಯನ್ನು ಕೊನೆಗೆ ಬಿಟ್ಟು, ಲಕೋಟೆಗೆ ಹಿಡಿಸದ ಕಾರ್ಡು ಹಿಡಿದು ನಿಲ್ಲುವವರನ್ನು ಕಂಡರೆ ನನಗೆ ತಡೆಯುವುದಿಲ್ಲ. ಎ4 ಹಾಳೆ 210×297 ಮಿಲಿಮೀಟರು. ಅದರ ಅರ್ಧವನ್ನು ಮಡಚಿದರೆ 105×148ರ ಕಾರ್ಡು, ಅದಕ್ಕೆ 114×162ರ ಸಿ6 ಲಕೋಟೆ ಸರಿಹೋಗುತ್ತದೆ. ಲಕೋಟೆಯನ್ನೂ ನೀವೇ ಮಾಡುವುದಾದರೆ, ಹಳೆಯದೊಂದರ ಅಂಟು ಬಿಡಿಸಿ ಹರಡಿ, ಅದನ್ನೇ ಅಚ್ಚಾಗಿಟ್ಟು ಕ್ಯಾಲೆಂಡರ್ ಹಾಳೆಯ ಮೇಲೆ ಗೆರೆ ಎಳೆದುಕೊಳ್ಳಿ. ಗುಂಡಿಯಿರುವ ಕಾರ್ಡಿಗೆ ಇನ್ನೂ ಸ್ವಲ್ಪ ಸಡಿಲ ಬೇಕು, ಗುಂಡಿಯ ಮೇಲೊಂದು ತೆಳು ಕಾಗದವೂ ಇರಲಿ. ವಿಳಾಸವನ್ನು ಕಾರ್ಡು ಒಳಗಿಡುವ ಮುಂಚೆಯೇ ಬರೆಯಿರಿ, ಇಲ್ಲದಿದ್ದರೆ ಪೆನ್ನಿನ ಅಚ್ಚು ಒಳಗಿನ ಚಿತ್ರದ ಮೇಲೆ ಮೂಡುತ್ತದೆ.