ಕುತ್ತಿಗೆಗೆ ಡೆಕ್ಸಾ ಸಾಕು, ನನ್ನ ಅನುಭವ

"ಡೆಕ್ಸಾ ನೀರಿದ್ದ ಹಾಗೆ ಕಣಪ್ಪ, ವಾರ ತಡೆಯಲ್ಲ" ಅಂತ ನಕ್ಕ ಡಾಕ್ಟರುಗಳೇ ಈಗ ಡೋಸ್ ಕೇಳ್ಕೊಂಡು ಫೋನ್ ಮಾಡ್ತಿದಾರೆ, ಅದಕ್ಕೇ ಬರೀತಿದೀನಿ. ವಿಷಯ ಕುತ್ತಿಗೆ ನೋವಿಗೆ ಎಪಿಡ್ಯೂರಲ್ಲಿಗೆ, ಅಂದ್ರೆ ಬೆನ್ನುಹುರಿ ಹೊದಿಕೆಯ ಹೊರಗಿನ ಜಾಗಕ್ಕೆ, ಕೊಡೋ ಸ್ಟೀರಾಯ್ಡ್ ಇಂಜೆಕ್ಷನ್ನು; ಡೆಕ್ಸಾ ಅಂದ್ರೆ ಕಣ ಇಲ್ಲದೆ ಪೂರ್ತಿ ಕರಗಿರೋ ಸ್ಟೀರಾಯ್ಡು, ಡೆಕ್ಸಾಮೆಥಾಸೋನ್. 2014ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿತ್ತು, ಎಪಿಡ್ಯೂರಲ್ ಸ್ಟೀರಾಯ್ಡ್‌ನಿಂದ ಅಪರೂಪಕ್ಕೆ ಸ್ಟ್ರೋಕು, ಪ್ಯಾರಾಲಿಸಿಸ್ಸು, ಕಣ್ಣು ಹೋಗೋದು, ಸಾವು ಕೂಡ ಆಗುತ್ತೆ ಅಂತ. ಆದ್ರೂ ನಮ್ ಕಡೆ ಕಣ ಕಣವಾಗಿರೋ ಸ್ಟೀರಾಯ್ಡು ಟ್ರಯಾಮ್ಸಿನೊಲೋನ್ (ಟ್ರಯಾಮ್) ಬಿಡೋಕೆ ಯಾರಿಗೂ ಮನಸ್ಸಿರಲಿಲ್ಲ.

ಒಂದ್ ಸಂಜೆ ಸುಮ್ನೆ ಲ್ಯಾಬಲ್ಲಿ ಕೂತು ಟ್ರಯಾಮ್ ಒಂದ್ ಹನಿ ಸ್ಲೈಡ್ ಮೇಲೆ ಹಾಕ್ದೆ, ಪಕ್ಕದ ಸ್ಲೈಡಲ್ಲಿ ರಕ್ತ, ಇನ್ನೊಂದ್ರಲ್ಲಿ ಡೆಕ್ಸಾ, ಮೈಕ್ರೋಸ್ಕೋಪಲ್ಲಿ ನೋಡ್ದೆ. ಟ್ರಯಾಮ್ ಗುಡ್ಡೆ ಗುಡ್ಡೆ ಕಟ್ಟಿತ್ತು, ಕೆಂಪು ಕಣಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಡೆಕ್ಸಾ ಸ್ಲೈಡಲ್ಲಿ ಏನೂ ಇಲ್ಲ, ಬರೀ ಗಾಜು. ಫೊರಾಮೆನ್, ಅಂದ್ರೆ ನರ ಹೊರಗೆ ಬರೋ ಕಿಂಡಿ, ಅದ್ರ ಹತ್ರ ಬೆನ್ನುಹುರಿಗೆ ರಕ್ತ ಕೊಡೋ ಸಣ್ಣ ಆರ್ಟರಿ ಇರ್ತವಲ್ಲ, ಆ ಗುಡ್ಡೆ ಅದ್ರೊಳಗೆ ಹೋದ್ರೆ ಕಥೆ ಮುಗೀತು. ಒಂದ್ ಪ್ರಯೋಗದಲ್ಲಿ ಹಂದಿಗಳ ವರ್ಟಿಬ್ರಲ್ ಆರ್ಟರಿಗೆ (ಕುತ್ತಿಗೆಯಿಂದ ಮಿದುಳಿಗೆ ಹೋಗೋ ರಕ್ತನಾಳ) ಟ್ರಯಾಮ್ ಥರಾನೇ ಕಣ ಇರೋ ಮಿಥೈಲ್‌ಪ್ರೆಡ್ ಕೊಟ್ಟಾಗ ಅವು ಏಳಲೇ ಇಲ್ಲ, ಡೆಕ್ಸಾ ಕೊಟ್ಟವು ಎದ್ವು.

ಅಲ್ಲಿಂದ ಫೊರಾಮೆನ್ ದಾರೀನೇ ಬಿಟ್ಟೆ. ಈಗ ಸಿ7-ಟಿ1 ಇಂಟರ್‌ಲ್ಯಾಮಿನಾರ್, ಅಂದ್ರೆ ಕುತ್ತಿಗೆಯ ಕೊನೇ ಮೂಳೆಗೂ ಬೆನ್ನಿನ ಮೊದಲ ಮೂಳೆಗೂ ನಡುವಿನ ಸಂದಿಯಲ್ಲಿ ಹಿಂದಿನಿಂದ, ಡೆಕ್ಸಾ 8 ಎಂಜಿ. ಮೊದಲಿನ ತಿಂಗಳುಗಳು ನರಕ. ಎಕ್ಸ್‌ರೇಯ ಲ್ಯಾಟರಲ್ ವ್ಯೂನಲ್ಲಿ (ಪಕ್ಕದಿಂದ ನೋಡಿದಾಗ) ಭುಜ ಅಡ್ಡ ಬಂದು ಸೂಜಿ ತುದಿ ಕಾಣ್ತಿರ್ಲಿಲ್ಲ, ಮಧ್ಯದಲ್ಲಿ ಫ್ಲೇವಮ್ (ಮೂಳೆಗಳ ನಡುವಿನ ಲಿಗಮೆಂಟು) ಕೂಡದೇ ಇರೋರಲ್ಲಿ ಲಾಸ್ ಆಫ್ ರೆಸಿಸ್ಟೆನ್ಸ್, ಅಂದ್ರೆ ಸೂಜಿ ಅದನ್ನ ದಾಟಿದಾಗ ಸಿರಿಂಜಿನ ತಡೆ ಸಡಿಲ ಆಗೋದನ್ನ ನಂಬೋ ಹಾಗಿಲ್ಲ, ಎಷ್ಟೋ ಕೇಸು ಅರ್ಧಕ್ಕೇ ಬಿಟ್ಟು ಸೂಜಿ ತೆಗ್ದಿದೀನಿ, ಸಿ-ಆರ್ಮ್ (ಎಕ್ಸ್‌ರೇ ಮಷೀನು) ಬಾಡಿಗೆ ಮಾತ್ರ ನನ್ನ ಜೇಬಿಂದ. ಕಾಂಟ್ರಾಲ್ಯಾಟರಲ್ ಆಬ್ಲಿಕ್, ಅಂದ್ರೆ ಸೂಜಿಯ ಎದುರು ಬದಿಗೆ ಓರೆಯಾಗಿ ತಿರುಗಿಸಿದ ಎಕ್ಸ್‌ರೇ ನೋಟ, 50 ಡಿಗ್ರಿ ಆಸುಪಾಸು, ಹಿಡಿದ ಮೇಲೇ ಕೈ ಕುದುರಿದ್ದು. ಭುಜ ಕೆಳಗೆ ಎಳೆದು ಕಟ್ಟೋಕೆ ನಂದೇ ಒಂದ್ ವಿದ್ಯೆ ಇದೆ, ಅದನ್ನ ಇಲ್ಲಿ ಬರೆಯಲ್ಲ, ಓಟಿಗೆ ಬಂದ್ರೆ ತೋರಿಸ್ತೀನಿ. ಸೆಡೇಶನ್ ಕೊಡಲ್ಲ, ಪೇಷಂಟ್ ಮಾತಾಡ್ತಾ ಇರ್ಬೇಕು, ಕೈಗೆ ಶಾಕ್ ಹೊಡೀತು ಅಂದ್ರೆ ಅಲ್ಲೇ ಸ್ಟಾಪ್. ಎಮ್‌ಆರ್‌ಐನಲ್ಲಿ ಆ ಲೆವೆಲ್ಲಲ್ಲಿ ಜಾಗ ಕಾಣ್ಲಿಲ್ಲ ಅಂದ್ರೆ ಟೇಬಲ್ ಮೇಲೇ ಹತ್ಸಲ್ಲ.

ದುಡ್ಡಿನ ತಮಾಷೆ ಬೇರೆ. ಡೆಕ್ಸಾ ಹತ್ತಿಪ್ಪತ್ತು ರೂಪಾಯಿ, ಅದಕ್ಕಿಂತ ಕಾಂಟ್ರಾಸ್ಟೇ (ಔಷಧಿ ಎಲ್ಲಿ ಹೋಗುತ್ತೆ ಅಂತ ಎಕ್ಸ್‌ರೇಲಿ ತೋರಿಸೋ ದ್ರವ) ದುಬಾರಿ, ಆದ್ರೆ ಅದನ್ನ ಉಳಿಸೋ ಹಾಗಿಲ್ಲ. ಬಿಲ್ ನೋಡಿ "ಇಷ್ಟು ಕಮ್ಮಿ ಔಷಧಿಗೆ ಇಷ್ಟು ಫೀಸಾ" ಅಂತ ಜಗಳ ಆಡಿದೋರೂ ಇದಾರೆ.

ಮೂರು ತಿಂಗಳ ಫಾಲೋಅಪ್‌ನಲ್ಲಿ ಸುಮಾರು ಮೂರಲ್ಲಿ ಎರಡು ಪಾಲು ಜನ ಆರಾಮು, ಟ್ರಯಾಮ್ ಕಾಲದಲ್ಲೂ ನಂಗೆ ಇದಕ್ಕಿಂತ ಹೆಚ್ಚೇನೂ ಬಂದಿರ್ಲಿಲ್ಲ. ಕಾಟ ಅಂದ್ರೆ ಬಿಕ್ಕಳಿಕೆ, ಡೆಕ್ಸಾ ಆದ್ಮೇಲೆ ಕೆಲವ್ರಿಗೆ ಒಂದೆರಡು ದಿನ ಬಿಡಲ್ಲ. ಮೊದಲೇ ಹೇಳಿಡಿ, ಇಲ್ಲಾಂದ್ರೆ ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತೆ.