ಮೇಷ್ಟ್ರ ಪಾಠಕ್ಕೆ ವಿದ್ಯಾರ್ಥಿಯ ಕಣ್ಣು: ಜೋಡಿ ಕೆಲಸ ಶುರು ಮಾಡುವುದು ಹೇಗೆ?

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಫೀಡ್‌ಬ್ಯಾಕ್ ಫಾರ್ಮ್ ಬರುತ್ತದೆ. ಪಾಠ ಹೇಗಿತ್ತು, ಒಂದರಿಂದ ಐದರೊಳಗೆ ಅಂಕ ಕೊಡಿ. ಹುಡುಗರು ಓದುವುದೂ ಇಲ್ಲ, ಸುಮ್ನೆ ನಾಲ್ಕು, ನಾಲ್ಕು, ನಾಲ್ಕು ಅಂತ ಒತ್ತಿ ಮುಗಿಸುತ್ತಾರೆ. ಫೈಲು ಬೀರು ಸೇರುತ್ತದೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಹೊರಗೆ ಬರುತ್ತದೆ. ನ್ಯಾಕ್ ಕೂಡ 2017ರಲ್ಲಿ ತನ್ನದೇ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ತಂದಿತು. ಕಲಿಕೆ ಸುಧಾರಿಸಲು ಮೂರು ಸಲಹೆ ಕೊಡಿ ಎನ್ನುವುದು ಅದರ ಕೊನೆಯ ಪ್ರಶ್ನೆ. ಪ್ರಶ್ನೆ ಚೆನ್ನಾಗಿಯೇ ಇದೆ. ಆದರೆ ಸಲಹೆ ಬರೆದ ಹುಡುಗಿ ಮತ್ತು ಪಾಠ ಮಾಡಿದ ಮೇಡಂ ಎದುರುಬದುರು ಕೂತು ಮಾತಾಡುವುದೇ ಇಲ್ಲವಲ್ಲ!

ಮಾತಾಡುವ ಒಂದು ದಾರಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದೆ. ಅಲ್ಲಿನ ಬ್ರಿನ್ ಮಾರ್ ಕಾಲೇಜು 2006ರಲ್ಲಿ ಒಂದು ಪ್ರಯೋಗಕ್ಕೆ ಕೈ ಹಾಕಿತು. ಒಬ್ಬ ಅಧ್ಯಾಪಕರಿಗೆ ಒಬ್ಬ ವಿದ್ಯಾರ್ಥಿ ಜೋಡಿ. ವಿದ್ಯಾರ್ಥಿ ವಾರಕ್ಕೊಮ್ಮೆ ಕ್ಲಾಸಿನಲ್ಲಿ ಕೂತು ನೋಡಬೇಕು, ಕಂಡದ್ದನ್ನು ಬರೆಯಬೇಕು, ಆಮೇಲೆ ಇಬ್ಬರೂ ಕೂತು ಮಾತಾಡಬೇಕು. ಆ ಕೆಲಸಕ್ಕೆ ವಿದ್ಯಾರ್ಥಿಗೆ ಸಂಬಳವೂ ಉಂಟು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸಿಟಿ ವಿಶ್ವವಿದ್ಯಾಲಯ 2009ರಲ್ಲಿ, ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ 2013ರಲ್ಲಿ ತಮ್ಮದೇ ರೀತಿಯ ಯೋಜನೆ ಶುರು ಮಾಡಿದವು. ನಮ್ಮಲ್ಲಿ ಮಾಡಿ ನೋಡಲು ಬ್ರಿನ್ ಮಾರ್ ಮಾದರಿಯೇ ಸುಲಭ ಅಂತ ನನಗನ್ನಿಸುತ್ತದೆ. ಒಂದು ಕುರ್ಚಿ, ಒಂದು ನೋಟ್‌ಬುಕ್ ಇದ್ದರೆ ಸಾಕು, ಕಟ್ಟಡ ಕಟ್ಟಬೇಕಿಲ್ಲ.

ಹಂತ 1: ಜೋಡಿ ಆರಿಸಿ

ಇಡೀ ವಿಶ್ವವಿದ್ಯಾಲಯಕ್ಕೆ ಸುತ್ತೋಲೆ ಹೊರಡಿಸಬೇಡಿ. ಸುತ್ತೋಲೆ ಹೊರಟ ದಿನವೇ ಅದು ಇನ್ನೊಂದು ಕಮಿಟಿ ಆಗಿಬಿಡುತ್ತದೆ. ತಾವಾಗಿಯೇ ಮುಂದೆ ಬಂದ ಮೂರೋ ನಾಲ್ಕೋ ಅಧ್ಯಾಪಕರು ಸಾಕು. ಹಿರಿಯರು, ಕೆಲಸ ಕಾಯಂ ಆದವರು ಮೊದಲು ಬರಲಿ. ಅತಿಥಿ ಉಪನ್ಯಾಸಕರನ್ನು ಮೊದಲ ಸಲಕ್ಕೇ ಎಳೆಯಬೇಡಿ. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಅನ್ನುವ ಆತಂಕದಲ್ಲಿರುವವರಿಗೆ, ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಳ್ಳುವ ಯಾರೇ ಆದರೂ ಇನ್‌ಸ್ಪೆಕ್ಟರ್ ಥರ ಕಾಣುತ್ತಾರೆ.

ವಿದ್ಯಾರ್ಥಿ ಬೇರೆ ವಿಭಾಗದವರಾಗಿರಲಿ. ಈ ಒಂದು ನಿಯಮವನ್ನು ಮಾತ್ರ ಸಡಿಲ ಮಾಡಬೇಡಿ. ಇಂಟರ್ನಲ್ ಮಾರ್ಕ್ಸ್ ಕೈಯಲ್ಲಿರುವ ಮೇಷ್ಟ್ರಿಗೆ ಅವರದೇ ಕ್ಲಾಸಿನ ಹುಡುಗ ಏನು ಹೇಳಿಯಾನು? ‘ಪಾಠ ಸೂಪರ್ ಸರ್’ ಅಂದು ಎದ್ದು ಹೋಗುತ್ತಾನೆ. ಅರ್ಥಶಾಸ್ತ್ರದ ಕ್ಲಾಸಿಗೆ ಇತಿಹಾಸ ಎಂ.ಎ. ಓದುವವಳು ಬರಲಿ. ವಿಷಯ ಗೊತ್ತಿಲ್ಲದಿದ್ದರೆ ಒಳ್ಳೆಯದೇ. ಆಗ ಅವಳ ಗಮನ ಪಾಠದಲ್ಲಿ ಏನಿದೆ ಅನ್ನುವುದರ ಮೇಲೆ ಇರುವುದಿಲ್ಲ, ಅದು ಮಕ್ಕಳಿಗೆ ಹೇಗೆ ಮುಟ್ಟುತ್ತಿದೆ ಅನ್ನುವುದರ ಮೇಲೆ ಇರುತ್ತದೆ.

ಇಂಥ ಕೆಲಸಕ್ಕೆ ಎಚ್‌ಓಡಿಗಳು, ಅಂದರೆ ವಿಭಾಗದ ಮುಖ್ಯಸ್ಥರು, ಸಾಮಾನ್ಯವಾಗಿ ಸೂಚಿಸುವುದು ಟಾಪರ್‌ಗಳನ್ನು, ಇಂಗ್ಲಿಷ್ ಸಲೀಸಾಗಿ ಮಾತಾಡುವವರನ್ನು. ಬೇಡ. ನೋಟಿಸ್ ಬೋರ್ಡಿನಲ್ಲಿ ಹಾಕಿ ಅರ್ಜಿ ಕರೆಯಿರಿ. ಕನ್ನಡ ಮೀಡಿಯಂನಲ್ಲಿ ಓದಿ ಬಂದವರು, ಮನೆಯಲ್ಲಿ ಮೊದಲ ಸಲ ಡಿಗ್ರಿ ಮೆಟ್ಟಿಲು ಹತ್ತಿದವರು ಅದರಲ್ಲಿ ಇರಲೇಬೇಕು. ಪಾಠ ಎಲ್ಲಿ ಕೈ ತಪ್ಪುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಟಾಪರ್‌ಗೆ ಗೊತ್ತಿರುವುದಿಲ್ಲ. ಬ್ರಿನ್ ಮಾರ್‌ನ ಮೊದಲ ತಂಡವೂ ಹೀಗೇ ಇತ್ತು. ತಮ್ಮ ಕ್ಲಾಸು ಎಲ್ಲ ಬಗೆಯ ವಿದ್ಯಾರ್ಥಿಗಳಿಗೂ ತೆರೆದಿರಬೇಕು ಎಂದುಕೊಂಡ ಐವರು ಅಧ್ಯಾಪಕರಿದ್ದರು. ಅವರಿಗೆ ಜೋಡಿಯಾದವರು ಕರಿಯರೂ ಸೇರಿದಂತೆ ಬಿಳಿಯರಲ್ಲದ ವಿದ್ಯಾರ್ಥಿನಿಯರು.

ಹಂತ 2: ಮೊದಲೇ ಮಾತು ಕೊಟ್ಟುಕೊಳ್ಳಿ

ಬರೆದದ್ದು ಅಧ್ಯಾಪಕರಿಗೆ ಮಾತ್ರ. ಎಚ್‌ಓಡಿಗೆ ಇಲ್ಲ, ಕಾಲೇಜಿನ ಒಳಗೇ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿಗೆ ಇಲ್ಲ, ಬಡ್ತಿ ಫೈಲಿಗಂತೂ ಇಲ್ಲವೇ ಇಲ್ಲ. ಇದನ್ನು ಅರ್ಧ ಪುಟದಲ್ಲಿ ಬರೆದು ಇಬ್ಬರೂ ಸಹಿ ಮಾಡಲಿ. ಮೊದಲ ದಿನವೇ ಅಧ್ಯಾಪಕರು ಕ್ಲಾಸಿಗೆ ಹೇಳಿಬಿಡಲಿ: ‘ಇವಳು ಬಂದಿರೋದು ನನ್ನ ಪಾಠ ನೋಡೋಕೆ, ನಿಮ್ಮನ್ನಲ್ಲ.’

ದೂರುಗಳಿಗೆ ಬೇರೆ ಬಾಗಿಲಿದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ನಿಯಮದ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ಕಿರುಕುಳ, ಫೀಸು, ತಡೆಹಿಡಿದ ಅಂಕಪಟ್ಟಿ ಇಂಥದ್ದನ್ನೆಲ್ಲ ಈ ನೋಟ್‌ಬುಕ್ಕಿಗೆ ತಂದು ಸೇರಿಸಬಾರದು.

ಹಂತ 3: ಮೂರು ಕಾಲಂ

ಪುಟವನ್ನು ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ಸಮಯ. ಎರಡನೆಯದರಲ್ಲಿ ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಅಷ್ಟೇ. ಮೂರನೆಯದರಲ್ಲಿ ಅನಿಸಿಕೆ, ಪ್ರಶ್ನೆ. ಎರಡನೇ ಕಾಲಂಗೂ ಮೂರನೆಯದಕ್ಕೂ ಗೋಡೆ ಇರಬೇಕು, ಕಷ್ಟ ಇರುವುದು ಅಲ್ಲೇ. ‘ಮೇಡಂ ಬೇಗ ಬೇಗ ಹೇಳಿದರು’ ಅನ್ನುವುದು ಕಂಡದ್ದಲ್ಲ, ತೀರ್ಪು. ಅರ್ಥಶಾಸ್ತ್ರದ ಒಂದು ಕ್ಲಾಸು ಅಂದುಕೊಳ್ಳಿ, ಹೀಗೆ ಬರೆಯಬಹುದು:

10.20. ಮೇಡಂ ಬೋರ್ಡಿನ ಮೇಲೆ ಪೂರೈಕೆ ರೇಖೆ ಎಳೆದರು. ‘ಅರ್ಥ ಆಯ್ತಾ?’ ಅಂದರು. ಮುಂದಿನ ಎರಡು ಸಾಲು ‘ಹೂಂ ಮೇಡಂ’ ಅಂದಿತು. ಹಿಂದಿನ ನಾಲ್ಕು ಸಾಲು ಇನ್ನೂ ರೇಖೆ ಕಾಪಿ ಮಾಡಿಕೊಳ್ಳುತ್ತಿತ್ತು. ಮೇಡಂ ಬೋರ್ಡ್ ಒರೆಸಿದರು.

ಪಕ್ಕದ ಕಾಲಂನಲ್ಲಿ: ಅರ್ಥ ಆಯ್ತಾ ಅಂದರೆ ‘ಇಲ್ಲ’ ಅನ್ನಲು ಧೈರ್ಯ ಬೇಕು. ಅದರ ಬದಲು ‘ಈ ರೇಖೆ ಬಲಕ್ಕೆ ಸರಿದರೆ ಬೆಲೆ ಏರುತ್ತೋ ಇಳಿಯುತ್ತೋ, ಪಕ್ಕದವರ ಹತ್ತಿರ ಮಾತಾಡಿ’ ಅಂದರೆ ಹೇಗೆ?

ಚೆನ್ನಾಗಿ ನಡೆದದ್ದನ್ನೂ ಇಷ್ಟೇ ವಿವರವಾಗಿ ಬರೆಯಿರಿ. 10.35ಕ್ಕೆ ಮೇಡಂ ಟೊಮೆಟೊ ಮಾರ್ಕೆಟ್ ಉದಾಹರಣೆ ಕೊಟ್ಟು ಕನ್ನಡಕ್ಕೆ ಹೊರಳಿದರು, ಹಿಂದಿನ ಸಾಲಿನ ಮೂವರು ತಲೆ ಎತ್ತಿದರು. ಇಪ್ಪತ್ತು ವರ್ಷ ಪಾಠ ಮಾಡಿದವರಿಗೂ ಇಂಥದ್ದನ್ನು ಯಾರೂ ಹೇಳಿರುವುದಿಲ್ಲ.

ಹಂತ 4: ಅರ್ಧ ಗಂಟೆ ಮಾತು

ಟಿಪ್ಪಣಿಯನ್ನು ಅದೇ ದಿನ ಚೊಕ್ಕ ಮಾಡಿ ಕೊಡಿ, ಎರಡು ದಿನದೊಳಗೆ ಕೂತು ಮಾತಾಡಿ. ಸ್ಟಾಫ್ ರೂಮ್ ಬೇಡ, ಅಲ್ಲಿ ಪಕ್ಕದ ಮೇಜಿನವರ ಕಿವಿ ಇಲ್ಲೇ ಇರುತ್ತದೆ. ಕ್ಯಾಂಟೀನಿನ ಮೂಲೆಯ ಟೇಬಲ್ಲು ವಾಸಿ. ಮೊದಲ ಮಾತು ಅಧ್ಯಾಪಕರದೇ ಆಗಿರಲಿ.

‘ಅಲ್ಲಮ್ಮಾ, ನಾನು ಅಷ್ಟು ಬೇಗ ಬೋರ್ಡ್ ಒರೆಸಿಬಿಟ್ನಾ?’

‘ಹಿಂದಿನವರು ಇನ್ನೂ ಬರೀತಿದ್ರು ಮೇಡಂ. ನಿಮಗೆ ಅಲ್ಲಿಂದ ಕಾಣೋದೂ ಕಷ್ಟ, ಕಂಬ ಅಡ್ಡ ಇದೆ.’

ಮೇಡಂ ಅನ್ನುವುದು, ಎದ್ದು ನಿಲ್ಲುವುದು ಎಲ್ಲ ಹಾಗೇ ಇರಲಿ. ಹೆಸರು ಹಿಡಿದು ಕರೆದರೆ ಮಾತ್ರ ಸರಿಸಮ ಅನ್ನುವುದು ನಮ್ಮ ಕಡೆಯ ರೀತಿಯಲ್ಲ, ಅದಕ್ಕಾಗಿ ಒದ್ದಾಡುವುದೂ ಬೇಕಿಲ್ಲ. ವಿದ್ಯಾರ್ಥಿ ಹೇಳಿದ್ದನ್ನೆಲ್ಲ ಮಾಡಲೇಬೇಕು ಅಂತಲೂ ಇಲ್ಲ. ಆದರೆ ಯಾಕೆ ಮಾಡುವುದಿಲ್ಲ ಎಂದು ಅಧ್ಯಾಪಕರು ಹೇಳಬೇಕು. ‘ಸಿಲಬಸ್ ಮುಗೀಬೇಕಲ್ವಾ’ ಅನ್ನುವುದು ಎಷ್ಟೋ ಸಲ ನಿಜವಾದ ಕಾರಣವೇ. ಆಗ ಯಾವುದನ್ನು ಹ್ಯಾಂಡ್‌ಔಟ್ ಮಾಡಿ ಕೊಡಬಹುದು ಎಂದು ಇಬ್ಬರೂ ಸೇರಿ ನೋಡಬಹುದು.

ಆರನೇ ವಾರದ ಹೊತ್ತಿಗೆ ಇಡೀ ಕ್ಲಾಸನ್ನು ಕೇಳಿ. ಅಧ್ಯಾಪಕರು ಹದಿನೈದು ನಿಮಿಷ ಹೊರಗಿರಲಿ. ಕಲಿಯಲು ಯಾವುದು ಸಹಾಯ ಮಾಡುತ್ತಿದೆ, ಯಾವುದು ಅಡ್ಡ ಬರುತ್ತಿದೆ, ಎರಡೇ ಪ್ರಶ್ನೆ. ಜೋಡಿಯ ವಿದ್ಯಾರ್ಥಿ ಉತ್ತರ ಬರೆದುಕೊಂಡು, ಯಾರು ಹೇಳಿದರು ಅನ್ನುವುದನ್ನು ಬಿಟ್ಟು ತಲುಪಿಸಲಿ. ಮುಂದಿನ ಕ್ಲಾಸಿನಲ್ಲೇ ಅಧ್ಯಾಪಕರು ಉತ್ತರ ಕೊಡಬೇಕು. ಕೇಳಿ ಸುಮ್ಮನಾದರೆ ಅದೂ ಬೀರುವಿನ ಫಾರ್ಮೇ.

ಹಂತ 5: ದುಡ್ಡು ಅಥವಾ ಕ್ರೆಡಿಟ್

ಪುಕ್ಕಟೆ ಕೆಲಸ ಮಾಡಿಸಬೇಡಿ. ಪುಕ್ಕಟೆ ಮಾಡಿಸಿದರೆ ಸಂಜೆ ಪಾರ್ಟ್‌ಟೈಮ್ ದುಡಿಯುವ ಹುಡುಗ ಅರ್ಜಿಯನ್ನೇ ಹಾಕುವುದಿಲ್ಲ. ಲೆಕ್ಕ ಹೀಗಿದೆ: ಕ್ಲಾಸಿಗೆ ಒಂದು ಗಂಟೆ, ಬರೆಯಲು ಅರ್ಧ, ಮಾತಿಗೆ ಅರ್ಧ. ವಾರಕ್ಕೆ ಎರಡು ಗಂಟೆಯಂತೆ ಹನ್ನೆರಡು ವಾರಕ್ಕೆ 24. ಹದಿನೈದು ದಿನಕ್ಕೊಮ್ಮೆ ಎಲ್ಲ ಜೋಡಿಗಳ ವಿದ್ಯಾರ್ಥಿಗಳು ಒಟ್ಟಿಗೆ ಒಂದು ಗಂಟೆ ಕೂತು, ಅಧ್ಯಾಪಕರ ಹೆಸರೆತ್ತದೆ, ಕಷ್ಟ ಹಂಚಿಕೊಂಡರೆ ಇನ್ನೂ ಆರು. ಒಟ್ಟು 30 ಗಂಟೆ. ಕಲಿಕೆಯ ಗಂಟೆಗಳನ್ನು ಡಿಗ್ರಿಗೆ ಲೆಕ್ಕ ಹಿಡಿಯುವ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್‌ಗೆ ಬೇಕಾದದ್ದೂ 30 ಗಂಟೆಯೇ. ಪಠ್ಯಕ್ರಮ ನೋಡಿಕೊಳ್ಳುವ ಬಿಓಎಸ್ (ಅಧ್ಯಯನ ಮಂಡಳಿ) ಒಪ್ಪಿದರೆ ಕ್ರೆಡಿಟ್ ಕೊಡಿ, ಇಲ್ಲವಾದರೆ ಗೌರವಧನ ಕೊಡಿ. ಬರೀ ಸರ್ಟಿಫಿಕೇಟ್ ಸಾಲದು.

‘ಈ ವಯಸ್ಸಿನ ಹುಡುಗರಿಗೆ ಅಷ್ಟು ಜವಾಬ್ದಾರಿನಾ?’ ಅನ್ನುವವರು ಹಾಸ್ಟೆಲ್ ಮೆಸ್ ನೋಡಲಿ. ಡಿವೈಡಿಂಗ್ ಸಿಸ್ಟಮ್ ಇರುವ ಕಡೆ ಹುಡುಗರೇ ದಿನಸಿ ತರಿಸುತ್ತಾರೆ, ಅಡುಗೆಯವರ ಹತ್ತಿರ ಮೆನು ಮಾತಾಡುತ್ತಾರೆ, ತಿಂಗಳ ಕೊನೆಗೆ ಬಿಲ್ ಹಂಚುತ್ತಾರೆ. ಅನ್ನಕ್ಕೆ ಆಗುವ ನಂಬಿಕೆ ಪಾಠಕ್ಕೆ ಯಾಕೆ ಆಗಬಾರದು? ಲೈಬ್ರರಿ, ಪರೀಕ್ಷಾ ವಿಭಾಗದ ಕೌಂಟರ್ ಇವಕ್ಕೂ ಇದೇ ಜೋಡಿ ಪದ್ಧತಿ ಹೊಂದುತ್ತದೆ, ಆದರೆ ಮೊದಲ ವರ್ಷ ಕ್ಲಾಸು ಸಾಕು.

ಕೊನೆಗೆ ಪ್ರತಿ ಜೋಡಿಯೂ ಒಂದೇ ಒಂದು ಪುಟ ಬರೆಯಲಿ: ಏನು ಬದಲಾಯಿತು, ಏನು ಆಗಲಿಲ್ಲ. ಅಧ್ಯಾಪಕರು ಒಪ್ಪಿದರೆ ಮಾತ್ರ ಅದು ಐಕ್ಯೂಎಸಿಗೆ ಹೋಗಲಿ. ಅಲ್ಲಿ ಹೇಗೂ ಒಬ್ಬ ವಿದ್ಯಾರ್ಥಿ ಸದಸ್ಯ ಇರಬೇಕಾದ್ದರಿಂದ ಮಂಡಿಸುವ ಕೆಲಸ ಅವರಿಗೇ ಕೊಡಿ. ಹೊಸ ಅರ್ಜಿದಾರರಿಗೆ ಮೂರು ಕಾಲಂ ಬರೆಯುವುದನ್ನು ಹಳೆಯ ವಿದ್ಯಾರ್ಥಿಗಳೇ ಹೇಳಿಕೊಡಲಿ. ಇದೆಲ್ಲ ಪರೀಕ್ಷೆಗೆ ಮೊದಲೇ ಮುಗಿಯಬೇಕು. ಆಮೇಲೆ ವ್ಯಾಲ್ಯುಯೇಷನ್‌ಗೆ ಹೋದ ಮೇಷ್ಟ್ರೂ ಸಿಗುವುದಿಲ್ಲ, ಊರಿಗೆ ಹೋದ ಹುಡುಗರೂ ಫೋನ್ ಎತ್ತುವುದಿಲ್ಲ.